ಆಡು ಕಂದು ಹಾಕಿದ ಸುದ್ದಿ ಡಾಕ್ಟರಿಗೂ ತಿಳಿಯಲಿ

ಜ್ವರ ಬಂದು ಆಸ್ಪತ್ರೆಗೆ ಹೋದರೆ ಡಾಕ್ಟರು ಕೇಳುವ ಪ್ರಶ್ನೆಗಳು ನಿಮಗೆ ಬಾಯಿಪಾಠವಾಗಿವೆ. ಎಷ್ಟು ದಿನದಿಂದ? ಕೆಮ್ಮು ಇದೆಯೇ? ಚಳಿ ಬಂದು ಬಿಡುತ್ತದೆಯೇ? ಹೊರಗೆ ಏನಾದರೂ ತಿಂದಿರಾ? ಎಲ್ಲದಕ್ಕೂ ಉತ್ತರ ಕೊಟ್ಟು ಚೀಟಿ ಹಿಡಿದುಕೊಂಡು ಬರುತ್ತೀರಿ. ಒಂದು ಪ್ರಶ್ನೆಯನ್ನು ಮಾತ್ರ ಅವರು ಕೇಳುವುದು ಅಪರೂಪ. ನೀವಾಗಿ ಹೇಳುವುದು ಇನ್ನೂ ಅಪರೂಪ. ಮನೆಯಲ್ಲಿ ಆಡು, ಕುರಿ, ದನ ಇವೆಯೇ? ಈಚೆಗೆ ಅವುಗಳಿಗೆ ಏನಾದರೂ ಆಗಿತ್ತೇ?

ಹೊಸರಿತ್ತಿಯಂಥ ಊರಿನ ಒಂದು ಮನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಹಿತ್ತಲಲ್ಲಿ ನಾಲ್ಕು ಆಡು. ಅಬ್ಬಾ ದಿನಾ ಹಾವೇರಿಗೆ ಕೆಲಸಕ್ಕೆ ಹೋಗುತ್ತಾರೆ. ಆಡುಗಳ ಮೇವು, ನೀರು, ಬಾಣಂತನ ಎಲ್ಲ ಅತ್ತೆ-ಸೊಸೆಯರ ಪಾಲು. ಒಂದು ಬೆಳಿಗ್ಗೆ ಗಬ್ಬದ ಆಡು ದಿನ ತುಂಬುವ ಮೊದಲೇ ಕಂದು ಹಾಕುತ್ತದೆ. ಸೊಸೆ ಅದನ್ನು ಬರಿಗೈಯಲ್ಲೇ ಎತ್ತಿ, ಮಾಸನ್ನು ಹಳ್ಳದ ಕಡೆ ಎಸೆದು, ಎರಡು ತಂಬಿಗೆ ನೀರಿನಲ್ಲಿ ಕೈ ತೊಳೆದು, ರೊಟ್ಟಿ ಬಡಿಯಲು ಕೂರುತ್ತಾಳೆ. ಮೂರು ವಾರ ಕಳೆದ ಮೇಲೆ ಅವಳಿಗೆ ಸಂಜೆಯಾದರೆ ಜ್ವರ, ರಾತ್ರಿ ಬಟ್ಟೆ ತೊಯ್ಯುವಷ್ಟು ಬೆವರು, ಸೊಂಟ ಮತ್ತು ಕೀಲುಗಳಲ್ಲಿ ನೋವು. ಟೈಫಾಯ್ಡ್ ಇರಬಹುದೆಂದು ಔಷಧಿ ನಡೆಯುತ್ತದೆ. ಜ್ವರ ಇಳಿಯುತ್ತದೆ, ಹತ್ತು ದಿನ ಬಿಟ್ಟು ಮತ್ತೆ ಏರುತ್ತದೆ. ಅಷ್ಟರಲ್ಲಿ ಆ ಆಡನ್ನು ಸಂತೆಯಲ್ಲಿ ಮಾರಿಯಾಗಿದೆ. ಕೊಂಡವರಿಗೆ ಅದು ಕಂದು ಹಾಕಿದ್ದು ಹೇಳಿಲ್ಲ. ಪಶುವೈದ್ಯರಿಗೆ ತೋರಿಸಿಲ್ಲ. ಜ್ವರಕ್ಕೆ ಔಷಧಿ ಕೊಡುವ ಡಾಕ್ಟರಿಗಂತೂ ಮನೆಯಲ್ಲಿ ಆಡಿತ್ತು ಎಂಬುದೇ ಗೊತ್ತಿಲ್ಲ.

ಇದು ನಾನು ಕಟ್ಟಿಕೊಂಡ ಚಿತ್ರ. ಆದರೆ ಇದರಲ್ಲಿ ನಿಮಗೆ ಅಪರಿಚಿತವಾದದ್ದು ಏನಾದರೂ ಇದೆಯೇ? ರೋಗಾಣು ಆಡಿನಿಂದ ಮನೆಗೆ ಬಂದದ್ದು ಒಂದು ಕ್ಷಣದ ಕೆಲಸ. ಅದು ಅಲ್ಲೇ ಬೇರೂರಿದ್ದು, ಇನ್ನೊಂದು ಮನೆಗೆ ಹೋದದ್ದು ಮಾತ್ರ ನಮ್ಮ ಮೌನದಿಂದ. ಕಾಯಿಲೆ ಬಿದ್ದ ಜಾನುವಾರನ್ನು ಮುಚ್ಚಿಡಬಾರದು, ಮಾರಬಾರದು, ಕೊಯ್ಯಬಾರದು. ಅದರ ಸುದ್ದಿಯನ್ನು ಪಶುವೈದ್ಯರಿಗೆ ಹೇಳಬೇಕು, ಕೊಳ್ಳುವವರಿಗೆ ಹೇಳಬೇಕು, ಮನೆಯವರಿಗೆ ಜ್ವರ ಬಂದರೆ ಡಾಕ್ಟರಿಗೂ ಹೇಳಬೇಕು. ಈ ಲೇಖನದ ಸಾರ ಇಷ್ಟೇ. ಇದು ಆರೋಗ್ಯದ ಮಾತು ಎಷ್ಟೋ, ನಮ್ಮ ಈಮಾನಿನ ಮಾತೂ ಅಷ್ಟೇ.

ಒಂದೇ ರೋಗ, ಎರಡು ಮನೆ

ಮನುಷ್ಯರಿಗೆ ಬರುವ ಅಂಟುರೋಗಗಳಲ್ಲಿ ಸುಮಾರು ಶೇ. 60ರಷ್ಟು ಪ್ರಾಣಿಗಳಿಂದಲೂ ಬರಬಲ್ಲವು ಎಂದು ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಹೇಳುತ್ತದೆ. ಅವು ಬರುವ ದಾರಿಗಳು ಬಹಳವಿಲ್ಲ. ಕೈಯ ಗಾಯದಿಂದ, ಕಣ್ಣು ಬಾಯಿಯ ತೇವದಿಂದ ಕೆಲವು ಒಳಹೋಗುತ್ತವೆ. ಕಾಯಿಸದ ಹಾಲು, ಅರೆಬೆಂದ ಮಾಂಸದ ಜೊತೆ ಕೆಲವು ಹೊಟ್ಟೆ ಸೇರುತ್ತವೆ. ಕೊಟ್ಟಿಗೆ ಗುಡಿಸುವಾಗ ಏಳುವ ಧೂಳಿನಲ್ಲಿ ಕೆಲವು ಉಸಿರಿಗೆ ಸೇರುತ್ತವೆ. ಸೊಳ್ಳೆ, ನೊಣ, ಉಣ್ಣೆ ಕೆಲವನ್ನು ಹೊತ್ತು ತರುತ್ತವೆ. ನಾಯಿಯ ಹಲ್ಲಿನಿಂದ ಬರುವುದು ರೇಬೀಸ್. ಈ ದಾರಿಗಳು ಗೊತ್ತಿದ್ದರೆ ಅವುಗಳಿಗೆ ಬೇಲಿ ಹಾಕುವುದು ಕಷ್ಟವಲ್ಲ.

ಮೇಲೆ ಹೇಳಿದ ಸೊಸೆಯ ಜ್ವರದ ಹೆಸರು ಬ್ರುಸೆಲ್ಲೋಸಿಸ್ ಇರಬಹುದು. ಹಳ್ಳಿಗಳಲ್ಲಿ ಇದಕ್ಕೆ ಕಂದು ಹಾಕುವ ರೋಗ ಎನ್ನುತ್ತಾರೆ. ಆಡು, ಕುರಿ, ಹಸು, ಎಮ್ಮೆಗಳಲ್ಲಿ ಗರ್ಭಪಾತ ಮಾಡಿಸುವ ಬ್ಯಾಕ್ಟೀರಿಯಾ ಇದು. ಬಿದ್ದ ಕಂದು, ಮಾಸು, ಅದರ ಜೊತೆ ಹರಿಯುವ ನೀರು, ಇವುಗಳಲ್ಲಿ ರೋಗಾಣು ತುಂಬಿರುತ್ತದೆ. ಹಾಲಿನಲ್ಲೂ ಇರುತ್ತದೆ. ಮನುಷ್ಯರಿಗೆ ಬಂದರೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ಕಾಣಿಸಿಕೊಳ್ಳುತ್ತದೆ, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಏರಿ ಇಳಿಯುವ ಜ್ವರ, ಬೆವರು, ಸುಸ್ತು, ಬೆನ್ನು ಮತ್ತು ಕೀಲು ನೋವು ಇದರ ಲಕ್ಷಣ. ಗಂಡಸರಲ್ಲಿ ವೃಷಣ ಊದಿಕೊಳ್ಳುವುದುಂಟು. ನಾಚಿಕೆಯಿಂದ ಅದನ್ನು ಯಾರೂ ಹೇಳುವುದಿಲ್ಲ. ಬಸುರಿಗೆ ತಗಲಿದರೆ ಗರ್ಭ ನಿಲ್ಲದೆ ಹೋಗುವ ಅಪಾಯವಿದೆ. ಹಿತ್ತಲಲ್ಲಿ ಆಡು ಕಂದು ಹಾಕಿದ್ದನ್ನೂ ಮನೆಯಲ್ಲಿ ಸೊಸೆಯ ಬಸಿರು ಇಳಿದದ್ದನ್ನೂ ಒಟ್ಟಿಗೆ ಇಟ್ಟು ಯೋಚಿಸಿದ ಮನೆಗಳು ಎಷ್ಟಿವೆ?

ಮನುಷ್ಯರಿಗೆ ಇದರ ಲಸಿಕೆ ಇಲ್ಲ. ಔಷಧಿ ಇದೆ. ಆದರೆ ಒಂದಕ್ಕಿಂತ ಹೆಚ್ಚು ಔಷಧಿಗಳನ್ನು ಜೊತೆಗೂಡಿಸಿ ಸಾಮಾನ್ಯವಾಗಿ ಆರು ವಾರ ತೆಗೆದುಕೊಳ್ಳಬೇಕು. ಐದು ದಿನದ ಗುಳಿಗೆಗೆ ಇದು ಬಗ್ಗುವುದಿಲ್ಲ, ತಲೆ ತಗ್ಗಿಸಿ ಕೂತು ಮತ್ತೆ ಏಳುತ್ತದೆ. ಇದನ್ನು ಕಂಡುಹಿಡಿಯಲು ಬೇರೆ ರಕ್ತ ಪರೀಕ್ಷೆ ಮಾಡಿಸಬೇಕು. ಅನುಮಾನವೇ ಬಾರದಿದ್ದರೆ ಯಾವ ಡಾಕ್ಟರು ಆ ಪರೀಕ್ಷೆ ಬರೆಯುತ್ತಾರೆ? ‘ಡಾಕ್ಟರೇ, ನಮ್ಮನೆಯಲ್ಲಿ ಆಡು ಕಂದು ಹಾಕಿತ್ತು, ನಾನೇ ಎತ್ತಿ ಹಾಕಿದೆ’ ಎಂಬ ಒಂದು ವಾಕ್ಯ ಆ ಅನುಮಾನವನ್ನು ಹುಟ್ಟಿಸುತ್ತದೆ. ತಿಂಗಳುಗಟ್ಟಲೆ ನೋವು ತಿನ್ನುವುದನ್ನು ತಪ್ಪಿಸುವ ವಾಕ್ಯ ಅದು.

ನೂರು ವರ್ಷಗಳ ಹಿಂದೆಯೇ ಜಗತ್ತು ಈ ಪಾಠ ಕಲಿತಿತ್ತು. ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದಲ್ಲಿ ಬ್ರಿಟಿಷ್ ಸೈನಿಕರು ಇದೇ ಜ್ವರದಿಂದ ನರಳುತ್ತಿದ್ದರು. 1887ರಲ್ಲಿ ಸೈನ್ಯದ ವೈದ್ಯ ಡೇವಿಡ್ ಬ್ರೂಸ್ ರೋಗಾಣುವನ್ನು ಕಂಡುಹಿಡಿದರು. ಅದು ಎಲ್ಲಿಂದ ಬರುತ್ತದೆ ಎಂಬುದು ಮಾತ್ರ ಇನ್ನೂ ಹದಿನೆಂಟು ವರ್ಷ ತಿಳಿಯಲಿಲ್ಲ. 1905ರಲ್ಲಿ ಮಾಲ್ಟಾದವರೇ ಆದ ವೈದ್ಯ ಥೆಮಿಸ್ಟೊಕ್ಲಿಸ್ ಜಮ್ಮಿತ್ ಆಡುಗಳ ರಕ್ತ ಪರೀಕ್ಷಿಸಿದರು. ನೋಡಲು ಗಟ್ಟಿಮುಟ್ಟಾಗಿದ್ದ ಆಡುಗಳಲ್ಲೇ ರೋಗವಿತ್ತು. ಸೈನಿಕರು ಅವುಗಳ ಹಸಿ ಹಾಲು ಕುಡಿಯುತ್ತಿದ್ದರು. ಮರುವರ್ಷ ಸೈನ್ಯದಲ್ಲಿ ಆ ಹಾಲನ್ನು ನಿಲ್ಲಿಸಿದರು, ಜ್ವರವೂ ಇಳಿಯಿತು. ಜನರ ಜ್ವರಕ್ಕೆ ಕಾರಣ ಜನರಲ್ಲೇ ಇರಬೇಕೆಂದು ಹುಡುಕುತ್ತಿದ್ದಷ್ಟು ಕಾಲ ಉತ್ತರ ಸಿಗಲಿಲ್ಲ.

ಮೊದಲು ತಿಳಿಯುವುದು ಪ್ರಾಣಿಗಳಿಗೆ

ಅಷ್ಟು ದೂರ ಹೋಗುವುದೂ ಬೇಡ. ಹೊಸರಿತ್ತಿಯ ಮುಂದೆ ಹರಿಯುವ ವರದೆಯ ದಂಡೆ ಹಿಡಿದು ಮೇಲಕ್ಕೆ ಹೋಗಿ. ಬನವಾಸಿ ದಾಟಿದರೆ ಸೊರಬದ ಸೀಮೆ, ಅದರಾಚೆ ನದಿ ಹುಟ್ಟುವ ಸಾಗರ ತಾಲ್ಲೂಕಿನ ವರದಾಮೂಲ. ಅದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಜೊತೆಗೇ ಸುತ್ತಲ ಹಳ್ಳಿಗರು ತೀವ್ರ ಜ್ವರಕ್ಕೆ ತುತ್ತಾದರು. ಹಳದಿ ಜ್ವರವೇ ಭಾರತಕ್ಕೆ ಬಂತೋ ಎಂಬ ಆತಂಕವಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಸತ್ತ ಮಂಗಗಳನ್ನು, ಕಾಡಿನ ಉಣ್ಣೆಗಳನ್ನು, ರೋಗಿಗಳ ರಕ್ತವನ್ನು ಒಟ್ಟಿಗೆ ಪರೀಕ್ಷಿಸಿದರು. ಎಲ್ಲದರಲ್ಲೂ ಒಂದೇ ವೈರಸ್ ಸಿಕ್ಕಿತು, ಅದು ಅಲ್ಲಿಯವರೆಗೆ ಜಗತ್ತಿಗೆ ಗೊತ್ತಿಲ್ಲದ ವೈರಸ್ ಆಗಿತ್ತು. ಅದನ್ನೇ ಇಂದು ಮಂಗನ ಕಾಯಿಲೆ ಎನ್ನುತ್ತೇವೆ. ಅದು ನೀರಿನಲ್ಲಿ ಬರುವ ರೋಗವಲ್ಲ, ಉಣ್ಣೆ ಕಚ್ಚಿ ಬರುವುದು. ಆದ್ದರಿಂದ ವರದೆಯ ನೀರಿಗೆ ಹೆದರಬೇಕಿಲ್ಲ. ಕಲಿಯಬೇಕಾದದ್ದು ಬೇರೆ. ಇಂದಿಗೂ ಮಲೆನಾಡಿನಲ್ಲಿ ಮಂಗ ಸತ್ತರೆ ಕೂಡಲೇ ಆರೋಗ್ಯ ಇಲಾಖೆಗೆ ತಿಳಿಸಿ ಎಂದು ಹೇಳುತ್ತಾರೆ. ಸತ್ತ ಮಂಗದ ಸುದ್ದಿ ಹೊತ್ತಿಗೆ ಸರಿಯಾಗಿ ತಲುಪಿದರೆ ಬದುಕಿರುವ ಮನುಷ್ಯರನ್ನು ಕಾಪಾಡಬಹುದು.

ಇನ್ನೂ ಹತ್ತಿರದ ನೆನಪು 2022ರದು. ಚರ್ಮಗಂಟು ರೋಗ ಕರ್ನಾಟಕದ ದನಗಳಿಗೆ ಬಡಿದಾಗ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ನಮ್ಮ ಹಾವೇರಿಯೂ ಒಂದು. ಮೈತುಂಬ ಗಂಟೆದ್ದು, ಕಾಲು ಊದಿ, ಮೇವು ಬಿಟ್ಟ ಎತ್ತುಗಳ ಮುಂದೆ ರೈತರು ಕಣ್ಣೀರು ಹಾಕಿದ್ದನ್ನು ನೀವೂ ನೋಡಿರುತ್ತೀರಿ. ಸೊಳ್ಳೆ, ಕಚ್ಚುವ ನೊಣ, ಉಣ್ಣೆಗಳು ಅದನ್ನು ಒಂದು ದನದಿಂದ ಇನ್ನೊಂದಕ್ಕೆ ಹರಡಿದವು. ಊರಿನಿಂದ ಊರಿಗೆ ಅದನ್ನು ಸಾಗಿಸಿದ್ದು ಮಾತ್ರ ಜಾನುವಾರುಗಳ ಓಡಾಟ. ದನದ ಸಂತೆ, ಜಾತ್ರೆಗಳನ್ನು ನಿಲ್ಲಿಸಬೇಕಾಗಿ ಬಂದದ್ದು ಅದಕ್ಕೇ. ಆ ದಿನಗಳಲ್ಲಿ ಎಷ್ಟೋ ಮನೆಗಳಲ್ಲಿ ‘ಹಾಲು ಕುಡಿಯಬಹುದೇ’ ಎಂಬ ಭಯವಿತ್ತು. ಚರ್ಮಗಂಟು ರೋಗ ಮನುಷ್ಯರಿಗೆ ಬರುವುದೇ ಇಲ್ಲ. ನಮಗೆ ಬರದ ರೋಗಕ್ಕೆ ಹೆದರಿ ಹಾಲು ಬಿಟ್ಟವರು, ನಮಗೆ ಬರುವ ಬ್ರುಸೆಲ್ಲೋಸಿಸ್‌ನ ಕಂದನ್ನು ಬರಿಗೈಯಲ್ಲಿ ಎತ್ತುತ್ತೇವೆ! ಹೆದರಬೇಕಾದಲ್ಲಿ ಹೆದರದೆ, ಬೇಡವಾದಲ್ಲಿ ಹೆದರುವುದು ಅರ್ಧ ತಿಳಿವಳಿಕೆಯ ಫಲ.

ಸಂತೆಗೆ ಹೊಡೆದ ಕಾಯಿಲೆ

ಆಡು ಮಂಕಾಯಿತು, ಮೇವು ಮುಟ್ಟುತ್ತಿಲ್ಲ, ಮೂಗಿನಿಂದ ಸಿಂಬಳ ಸುರಿಯುತ್ತಿದೆ, ಭೇದಿ ಹತ್ತಿದೆ. ಆಗ ನಮ್ಮ ಮೊದಲ ಯೋಚನೆ ಏನು? ‘ಸಾಯುವ ಮೊದಲು ದುಡ್ಡು ಮಾಡಿಕೊಳ್ಳೋಣ.’ ಬೆಳಗಿನ ಜಾವ ಟೆಂಪೋ ಹತ್ತಿಸಿದರೆ ಹಾವೇರಿಯೋ ರಾಣೆಬೆನ್ನೂರೋ ಬ್ಯಾಡಗಿಯೋ, ಎಲ್ಲೋ ಒಂದು ಕಡೆ ಗಿರಾಕಿ ಸಿಗುತ್ತಾನೆ. ಟೆಂಪೋದಲ್ಲಿ ಆ ಆಡು ಇಪ್ಪತ್ತು ಆಡುಗಳ ಮೈಗೆ ಮೈ ಒರೆಸಿಕೊಂಡು ನಿಂತಿರುತ್ತದೆ. ಸಂತೆಯಲ್ಲಿ ಇನ್ನೂ ನೂರರ ನಡುವೆ ಕೆಮ್ಮುತ್ತದೆ. ಸಂಜೆಗೆ ಅವು ಇಪ್ಪತ್ತು ಊರುಗಳಿಗೆ ಚದುರುತ್ತವೆ. ಆಡು-ಕುರಿಗಳ ಪಿಪಿಆರ್ ರೋಗ ಹಿಂಡು ಹಿಂಡನ್ನೇ ಬರಿದು ಮಾಡುವುದು ಹೀಗೆಯೇ. ಪಿಪಿಆರ್ ಮನುಷ್ಯರಿಗೆ ಬರುವುದಿಲ್ಲ, ನಿಜ. ಆದರೆ ಆ ಹಿಂಡನ್ನೇ ನಂಬಿ ಬದುಕುವ ಮನೆಯ ಒಲೆ ಆರಿಹೋಗುತ್ತದೆ.

ಪ್ರವಾದಿ(ಸ)ರವರು ಒಮ್ಮೆ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ ನೋಡಿದ ಘಟನೆ ನಿಮಗೆ ಗೊತ್ತು. ಮೇಲೆ ಒಣಗಿದ ಧಾನ್ಯ, ಒಳಗೆ ನೆನೆದದ್ದು. ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೆ ಯಾಕೆ ಇಡಲಿಲ್ಲ ಎಂದು ಅವರು ಕೇಳಿದರು, ವಂಚಿಸುವವನು ನಮ್ಮವನಲ್ಲ ಎಂದರು. ಸಹೀಹ್ ಮುಸ್ಲಿಮ್‌ನಲ್ಲಿರುವ ಹದೀಸ್ ಇದು. ನೆನೆದ ಧಾನ್ಯದಿಂದ ಕೊಂಡವನಿಗೆ ಒಂದಿಷ್ಟು ಹಣ ನಷ್ಟ. ಕಾಯಿಲೆ ಮುಚ್ಚಿಟ್ಟು ಮಾರಿದ ಆಡಿನಿಂದ ಅವನ ಉಳಿದ ಆಡುಗಳೂ ಹೋಗಬಹುದು, ಅವನ ಹೆಂಡತಿ ಮಕ್ಕಳ ಆರೋಗ್ಯವೂ ಹೋಗಬಹುದು. ಹಾಗಿದ್ದ ಮೇಲೆ ಯಾವುದು ದೊಡ್ಡ ವಂಚನೆ?

ಇನ್ನೊಂದು ಹದೀಸ್ ನೇರವಾಗಿ ಜಾನುವಾರುಗಳ ಬಗ್ಗೆಯೇ ಇದೆ. ಕಾಯಿಲೆ ಬಿದ್ದ ಒಂಟೆಗಳ ಒಡೆಯನು ಅವುಗಳನ್ನು ಆರೋಗ್ಯವಂತ ಒಂಟೆಗಳ ಬಳಿಗೆ ತರಬಾರದು ಎಂದು ಪ್ರವಾದಿ(ಸ) ತಾಕೀತು ಮಾಡಿದರು. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದು ವರದಿಯಾಗಿದೆ. ಸೂಕ್ಷ್ಮದರ್ಶಕ ಹುಟ್ಟಲು ಇನ್ನೂ ಸಾವಿರ ವರ್ಷವಿದ್ದ ಕಾಲದಲ್ಲಿ, ರೋಗಿ ಪ್ರಾಣಿಯನ್ನು ಬೇರೆ ಕಟ್ಟುವ ನಿಯಮ ನಮಗೆ ಸಿಕ್ಕಿತ್ತು.

ಕೆಲವರು ಇಲ್ಲಿ ತಡೆದು ಕೇಳಬಹುದು: ರೋಗ ಅಂಟುವುದಿಲ್ಲ ಎಂಬ ಹದೀಸೂ ಇದೆಯಲ್ಲ? ಹೌದು, ಇದೆ. ಎಲ್ಲ ಕೊಡುವವನು ಅಲ್ಲಾಹನೇ, ರೋಗಕ್ಕೆ ತನ್ನದೇ ಆದ ಸ್ವತಂತ್ರ ಶಕ್ತಿ ಇಲ್ಲ ಎಂದು ಅದನ್ನು ವಿದ್ವಾಂಸರು ವಿವರಿಸಿದ್ದಾರೆ. ಅಜ್ಞಾನ ಕಾಲದ ಅರಬರ ನಂಬಿಕೆಯನ್ನು ಆ ಮಾತು ತಿದ್ದಿತು. ಎಚ್ಚರಿಕೆ ಬಿಡಿ ಎಂದು ಅದು ಹೇಳಿದ್ದಿದ್ದರೆ ರೋಗಿ ಒಂಟೆಯನ್ನು ದೂರವಿಡಿ ಎಂದು ಅದೇ ಪ್ರವಾದಿ(ಸ) ಯಾಕೆ ಹೇಳುತ್ತಿದ್ದರು? ಒಂಟೆಯನ್ನು ಕಟ್ಟಿ ಆಮೇಲೆ ಭರವಸೆ ಇಡು ಎಂಬ ಬೋಧನೆ ನಮ್ಮ ಮಕ್ಕಳಿಗೂ ಗೊತ್ತು. ತವಕ್ಕುಲ್‌ನ ಹೆಸರಿನಲ್ಲಿ ಕೈಕಟ್ಟಿ ಕೂರುವುದು, ಅದರಲ್ಲೂ ಬೇರೆಯವರ ಆಡಿನ ಬೆಲೆಯಲ್ಲಿ ಹಾಗೆ ಕೂರುವುದು, ಭರವಸೆ ಅನ್ನಿಸಿಕೊಳ್ಳುವುದಿಲ್ಲ.

‘ಸಾಯುವ ಮುಂಚೆ ಹಲಾಲ್ ಮಾಡಿಬಿಡೋಣ’

ಈಗ ಒಂದು ಕಹಿ ಮಾತು. ಕಾಯಿಲೆಯ ಆಡು ಮಾರಾಟವಾಗದಿದ್ದರೆ, ಕೊನೆಯುಸಿರು ಎಳೆಯುವಾಗ ಚೂರಿ ಹಾಕಿ ಮಾಂಸ ಹಂಚಿಕೊಳ್ಳುವ ರೂಢಿ ಕೆಲವೆಡೆ ಇದೆ. ಸತ್ತರೆ ಹರಾಮ್, ಬದುಕಿದ್ದಾಗ ಕೊಯ್ದರೆ ಹಲಾಲ್, ಆದ್ದರಿಂದ ಬೇಗ ಕೊಯ್ಯಿರಿ ಎಂಬ ಲೆಕ್ಕ. ಫಿಕ್ಹ್‌ನ ಒಂದು ಪ್ರಶ್ನೆಗೆ ಅದು ಉತ್ತರವಾಗಬಹುದು. ರೋಗಾಣುವಿಗೆ ಅದು ಉತ್ತರವಲ್ಲ. ಬಿಸ್ಮಿಲ್ಲಾಹ್ ಹೇಳಿ ಕೊಯ್ದದ್ದು ಪ್ರಾಣಿಯನ್ನು, ಅದರ ರಕ್ತದಲ್ಲಿದ್ದ ರೋಗಾಣು ಚೂರಿ ಹಿಡಿದ ಕೈಗೆ ಬಂದು ಕೂತಿರುತ್ತದೆ.

ಆಂಥ್ರಾಕ್ಸ್ ಇದಕ್ಕೆ ಅತ್ಯಂತ ಭಯಂಕರ ಉದಾಹರಣೆ. ಕನ್ನಡದಲ್ಲಿ ಇದನ್ನು ನೆರಡಿ ರೋಗ ಎನ್ನುತ್ತಾರೆ. ಬೆಳಿಗ್ಗೆ ಚೆನ್ನಾಗಿದ್ದ ಕುರಿ ಮಧ್ಯಾಹ್ನಕ್ಕೆ ಹೊಟ್ಟೆ ಉಬ್ಬಿ ಬಿದ್ದು ಸಾಯುತ್ತದೆ. ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರಬಹುದು. ಅಂಥ ಪ್ರಾಣಿಯನ್ನು ಕೊಯ್ದವರ, ಚರ್ಮ ಸುಲಿದವರ ಕೈ ಅಥವಾ ಮುಖದ ಮೇಲೆ ಒಂದು ಗುಳ್ಳೆ ಏಳುತ್ತದೆ. ನೋವಿರುವುದಿಲ್ಲ, ನಡುವೆ ಕಪ್ಪಾದ ಹಕ್ಕಳೆ ಕಟ್ಟುತ್ತದೆ. ಬೇಗ ಆಸ್ಪತ್ರೆಗೆ ಹೋದರೆ ಔಷಧಿಯಿಂದ ಗುಣವಾಗುತ್ತದೆ, ತಡಮಾಡಿದರೆ ಜೀವಕ್ಕೇ ಕುತ್ತು. ಶವವನ್ನು ಕೊಯ್ದು ತೆರೆದರೆ ಗಾಳಿ ತಾಗಿ ರೋಗಾಣುಗಳು ಗಟ್ಟಿ ಕವಚದ ಬೀಜಾಣುಗಳಾಗುತ್ತವೆ. ಅವು ಹತ್ತಾರು ವರ್ಷ ಮಣ್ಣಿನಲ್ಲಿ ಬದುಕಿರಬಲ್ಲವು. ಸ್ವಲ್ಪ ಹೊತ್ತಿನ ಕುದಿತಕ್ಕೂ ಅವು ಸಾಯುವುದಿಲ್ಲ, ಆದ್ದರಿಂದ ಬೇಯಿಸಿದರೆ ಸರಿಹೋಗುತ್ತದೆ ಎಂಬ ಸಮಾಧಾನವೂ ಬೇಡ. ಹೀಗೆ ದಿಢೀರನೆ ಸತ್ತ ಪ್ರಾಣಿಯನ್ನು ಮುಟ್ಟದೆ, ಕೊಯ್ಯದೆ, ನಾಯಿಗಳು ಎಳೆಯದಂತೆ ಕಾದು, ಪಶುವೈದ್ಯರನ್ನು ಕರೆಯಬೇಕು. ಅವರು ಹೇಳಿದಂತೆ ಆಳದ ಗುಂಡಿಯಲ್ಲಿ ಹೂಳಬೇಕು ಇಲ್ಲವೇ ಸುಡಬೇಕು.

ಪವಿತ್ರ ಕುರ್‌ಆನ್ ನಮ್ಮ ಊಟದ ಬಗ್ಗೆ ಹೇಳುವಾಗ ‘ಹಲಾಲ್’ ಎಂಬ ಒಂದೇ ಪದಕ್ಕೆ ನಿಲ್ಲುವುದಿಲ್ಲ, ‘ತಯ್ಯಿಬ್’ ಎಂಬುದನ್ನೂ ಜೊತೆಗಿಡುತ್ತದೆ (ಅಲ್ ಬಕರಃ: 168). ತಯ್ಯಿಬ್ ಎಂದರೆ ಒಳ್ಳೆಯದು, ಶುದ್ಧವಾದದ್ದು. ನಾವು ಮೊದಲ ಪದವನ್ನು ಹಿಡಿದುಕೊಂಡು ಎರಡನೆಯದನ್ನು ಮರೆತಿದ್ದೇವೆ. ಕುರ್ಬಾನಿಯ ವಿಷಯದಲ್ಲೂ ಹಾಗೆಯೇ. ಸ್ಪಷ್ಟವಾಗಿ ಕುರುಡಾದ, ಕುಂಟಾದ, ಕಾಯಿಲೆ ಬಿದ್ದ, ಮೂಳೆ ಕಾಣುವಷ್ಟು ಸೊರಗಿದ ಪ್ರಾಣಿ ಸಲ್ಲದು ಎಂದು ಹದೀಸ್‌ನಲ್ಲಿದೆ. ಅಲ್ಲಾಹನಿಗೆ ಅರ್ಪಿಸಲು ಸಲ್ಲದ ಪ್ರಾಣಿ ನೆರೆಮನೆಯ ಬಡವನ ತಟ್ಟೆಗೆ ಹೇಗೆ ಸಲ್ಲುತ್ತದೆ?

ಬಡವರ ನಷ್ಟ ಯಾರ ಹೊಣೆ?

ಇಷ್ಟೆಲ್ಲ ಹೇಳುವುದು ಸುಲಭ ಎಂದು ನಿಮಗೆ ಅನ್ನಿಸಬಹುದು. ಗಂಡ ತೀರಿಕೊಂಡ ಹೆಂಗಸಿನ ಮನೆಯಲ್ಲಿ ಎರಡೇ ಆಡು. ಒಂದನ್ನು ಮಾರಿದರೆ ಮಗನ ಕಾಲೇಜು ಫೀ, ಇನ್ನೊಂದು ಮಗಳ ಮದುವೆಯ ಖರ್ಚಿಗೆ. ಅದು ಕಾಯಿಲೆ ಬಿದ್ದಾಗ ‘ಮಾರಬೇಡಮ್ಮ, ಕೊಯ್ಯಬೇಡಮ್ಮ’ ಎಂದರೆ ಅವಳ ಕೈಗೆ ಏನು ಬರುತ್ತದೆ? ಈ ಪ್ರಶ್ನೆಗೆ ಉತ್ತರ ಕೊಡದೆ ಉಪದೇಶ ಮಾಡುವುದು ನ್ಯಾಯವಲ್ಲ. ಮುಚ್ಚಿಡುವವರಲ್ಲಿ ಹೆಚ್ಚಿನವರು ಕೆಟ್ಟವರಲ್ಲ, ಕೈ ಖಾಲಿಯಾದವರು.

ಉತ್ತರಗಳು ಎರಡಿವೆ. ಮೊದಲನೆಯದು ಸರ್ಕಾರದ್ದು. ಆಡು, ಕುರಿ, ದನ ಆಕಸ್ಮಿಕವಾಗಿ ಸತ್ತರೆ ಪರಿಹಾರ ಕೊಡಲು ರಾಜ್ಯದಲ್ಲಿ ಅನುಗ್ರಹ ಯೋಜನೆ ಇದೆ. ಆದರೆ ಪಶುವೈದ್ಯರು ಬಂದು ಪರೀಕ್ಷಿಸಿ ದೃಢಪಡಿಸದೆ ಪರಿಹಾರ ಸಿಗುವುದಿಲ್ಲ. ಮುಚ್ಚಿಟ್ಟವರಿಗೆ, ರಾತ್ರೋರಾತ್ರಿ ಹೂತುಹಾಕಿದವರಿಗೆ ಅದು ಕೈತಪ್ಪುತ್ತದೆ. ನಿಮ್ಮ ಊರಿನ ಪಶು ಚಿಕಿತ್ಸಾಲಯದಲ್ಲಿ ಈಗಲೇ ಅದರ ನಿಯಮ, ಬೇಕಾದ ಕಾಗದಪತ್ರ ಕೇಳಿಟ್ಟುಕೊಳ್ಳಿ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿ ಪ್ರಯೋಜನವಿಲ್ಲ.

ಎರಡನೆಯದು ನಮ್ಮದು. ನಮ್ಮ ಜಮಾಅತ್‌ಗಳು ಮಸೀದಿಯ ಬಣ್ಣಕ್ಕೆ, ಮಿನಾರಿನ ದೀಪಕ್ಕೆ ಚಂದಾ ಎತ್ತುತ್ತವೆ. ಒಳ್ಳೆಯದೇ. ಜೊತೆಗೆ ಒಂದು ಸಣ್ಣ ನಿಧಿಯನ್ನೂ ಇಟ್ಟುಕೊಳ್ಳಬಾರದೇ? ಕಾಯಿಲೆಯ ಆಡನ್ನು ಮಾರದೆ, ಕೊಯ್ಯದೆ, ಪ್ರಾಮಾಣಿಕವಾಗಿ ಪಶುವೈದ್ಯರಿಗೆ ತೋರಿಸಿ ಕಳೆದುಕೊಂಡ ಬಡ ಮನೆಗೆ ಅದರಿಂದ ಸ್ವಲ್ಪ ನೆರವು. ಸತ್ಯ ಹೇಳಿದವನಿಗೆ ನಷ್ಟವಾಗದಂತೆ ನೋಡಿಕೊಂಡರೆ ಸತ್ಯ ಹೇಳುವವರು ಹೆಚ್ಚುತ್ತಾರೆ. ಲಸಿಕೆ ಹಾಕುವವರು ಊರಿಗೆ ಬರುವ ದಿನವನ್ನು ಜುಮಾ ನಮಾಜಿನ ನಂತರ ಒಂದು ನಿಮಿಷ ಮೈಕಿನಲ್ಲಿ ಹೇಳಿದರೆ ಅದಕ್ಕೆ ಖರ್ಚೂ ಇಲ್ಲ.

ಲಸಿಕೆಯ ಮಾತು ಬಂದದ್ದರಿಂದ ಹೇಳುತ್ತೇನೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ದನ ಎಮ್ಮೆಗಳಿಗೆ ಆರು ತಿಂಗಳಿಗೊಮ್ಮೆ ಕಾಲುಬಾಯಿ ಬೇನೆಯ ಲಸಿಕೆ ಹಾಕುತ್ತಾರೆ. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಜೀವನದಲ್ಲಿ ಒಮ್ಮೆ ಬ್ರುಸೆಲ್ಲೋಸಿಸ್ ಲಸಿಕೆ. ಆಡು ಕುರಿಗಳಿಗೆ ಪಿಪಿಆರ್, ಕರುಳುಬೇನೆ, ಸಿಡುಬು ಮುಂತಾದವಕ್ಕೆ ಲಸಿಕೆಗಳಿವೆ. ಒಂದೆರಡು ದಿನ ಹಾಲು ಕಡಿಮೆಯಾಗುತ್ತದೆ ಎಂದು ಲಸಿಕೆಯವರನ್ನು ವಾಪಸು ಕಳಿಸಬೇಡಿ. ವಯಸ್ಸು ಮೀರಿದ ಕರುವಿಗೆ ಆಮೇಲೆ ಕೇಳಿದರೂ ಬ್ರುಸೆಲ್ಲೋಸಿಸ್ ಲಸಿಕೆ ಹಾಕುವುದಿಲ್ಲ.

ಮನೆಯಲ್ಲಿ ಇಂದಿನಿಂದಲೇ

ಸಹೋದರಿಯರೇ, ಈ ಭಾಗ ಹೆಚ್ಚಾಗಿ ನಿಮಗೆ, ಏಕೆಂದರೆ ಕೊಟ್ಟಿಗೆಯೂ ಅಡುಗೆಮನೆಯೂ ನಿಮ್ಮ ಕೈಯಲ್ಲಿವೆ. ಆಡು ಕಂದು ಹಾಕಿದರೆ, ಅಷ್ಟೇ ಏಕೆ, ಚೆನ್ನಾಗಿ ಈದರೂ, ಬರಿಗೈಯಲ್ಲಿ ಮುಟ್ಟಬೇಡಿ. ಕೈಗವಸು ಇಲ್ಲದಿದ್ದರೆ ತೂತಿಲ್ಲದ ಪ್ಲಾಸ್ಟಿಕ್ ಚೀಲವನ್ನೇ ಕೈಗೆ ಕಟ್ಟಿಕೊಳ್ಳಿ. ಮೂಗು ಬಾಯಿಗೆ ದುಪಟ್ಟಾ ಸುತ್ತಿಕೊಳ್ಳಿ. ಬಸುರಿಯರನ್ನೂ ಮಕ್ಕಳನ್ನೂ ಹತ್ತಿರ ಬಿಡಬೇಡಿ. ಕಂದನ್ನೂ ಮಾಸನ್ನೂ ಹಳ್ಳಕ್ಕೆ, ತಿಪ್ಪೆಗೆ ಎಸೆಯದೆ ಆಳವಾಗಿ ಹೂಳಿ. ಆ ಜಾಗ ತೊಳೆದು, ಸೋಪು ಹಚ್ಚಿ ಮೊಣಕೈವರೆಗೆ ಕೈ ತೊಳೆದು, ಬಟ್ಟೆ ಬದಲಿಸಿ. ದಿನಕ್ಕೆ ಐದು ಸಲ ವುಝೂ ಮಾಡುವ ನಮಗೆ ಕೈ ತೊಳೆಯುವುದನ್ನು ಹೊಸದಾಗಿ ಕಲಿಸಬೇಕಾಗಿಲ್ಲ, ಸೋಪನ್ನು ಸೇರಿಸಿದರೆ ಸಾಕು. ಕಂದು ಹಾಕಿದ ಆಡನ್ನು ಬೇರೆ ಕಟ್ಟಿ, 1962ಕ್ಕೆ ಕರೆ ಮಾಡಿ. ಅದು ಪಶುಪಾಲನಾ ಇಲಾಖೆಯ ಸಹಾಯವಾಣಿ. ರಕ್ತದ ಮಾದರಿ ಪರೀಕ್ಷೆಗೆ ಕಳಿಸಲು ಪಶುವೈದ್ಯರನ್ನು ಕೇಳಿ.

ಆಡಿನ ಹಾಲು ಕಾಯಿಸಿದರೆ ಶಕ್ತಿ ಹೋಗುತ್ತದೆ, ಮಗುವಿಗೆ ಹಸಿಯಾಗಿಯೇ ಕೊಡಬೇಕು ಎನ್ನುವ ದಾದಿಯರು ಇಂದಿಗೂ ಇದ್ದಾರೆ. ಅವರ ಪ್ರೀತಿ ದೊಡ್ಡದು, ಈ ಮಾತು ಮಾತ್ರ ತಪ್ಪು. ಹಾಲು ಉಕ್ಕಿ ಬರುವಂತೆ ಕಾಯಿಸಿದರೆ ಬ್ರುಸೆಲ್ಲಾ ಸಾಯುತ್ತದೆ. ಶಕ್ತಿ ಎಲ್ಲಿಗೂ ಹೋಗುವುದಿಲ್ಲ.

ಬಕ್ರೀದ್ ದಿನ ಕೊಯ್ಯುವವರ ಕೈಯಲ್ಲಿ ಗಾಯವಿದ್ದರೆ ಮುಚ್ಚಿಕೊಂಡು ಕೈಗವಸು ಹಾಕಲಿ. ಮಾಂಸದ ಅಂಗಡಿಯ ಸಹೋದರರು ಇದನ್ನು ದಿನನಿತ್ಯದ ರೂಢಿ ಮಾಡಿಕೊಳ್ಳಲಿ. ಪಿತ್ತಜನಕಾಂಗ ಅಥವಾ ಶ್ವಾಸಕೋಶದಲ್ಲಿ ನೀರು ತುಂಬಿದ ಗುಳ್ಳೆಗಳು ಕಂಡರೆ ನಾಯಿಗೆ 'ಪಾಪ ತಿನ್ನಲಿ' ಎಂದು ಎಸೆಯಬೇಡಿ. ಅದು ಒಂದು ಬಗೆಯ ಲಾಡಿಹುಳುವಿನ ಮರಿ. ನಾಯಿಯ ಹೊಟ್ಟೆಯಲ್ಲಿ ಅದು ಬೆಳೆದು ಮೊಟ್ಟೆ ಇಡುತ್ತದೆ, ನಾಯಿಯ ಮಲದಿಂದ ಅಂಗಳಕ್ಕೆ ಬರುತ್ತದೆ. ಅಲ್ಲಿ ಆಡುವ ಮಕ್ಕಳ ಹೊಟ್ಟೆ ಸೇರಿ, ವರ್ಷಗಳು ಕಳೆದ ಮೇಲೆ ಅವರ ಲಿವರಿನಲ್ಲೂ ಅದೇ ಗುಳ್ಳೆ ಬೆಳೆಯಬಹುದು. ಕರುಳು, ಕಸವನ್ನೆಲ್ಲ ಗುಂಡಿ ತೋಡಿ ಹೂಳಿ.

ನಾಯಿ ಕಚ್ಚಿದರೆ ಗಾಯಕ್ಕೆ ಖಾರದಪುಡಿ, ಸುಣ್ಣ, ಅರಿಶಿನ ಮೆತ್ತಬೇಡಿ. ಬ್ಯಾಡಗಿ ಮೆಣಸಿನಕಾಯಿ ಸಾರಿಗೆ ಚೆಂದ, ಗಾಯಕ್ಕಲ್ಲ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಓಡಿ, ಹೇಳಿದ ದಿನಗಳಂದು ತಪ್ಪದೆ ಎಲ್ಲ ಚುಚ್ಚುಮದ್ದು ಮುಗಿಸಿ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ರೇಬೀಸ್‌ನಿಂದ ಸಾಯುತ್ತಾರೆ. ಲಕ್ಷಣ ಕಾಣಿಸಿದ ಮೇಲೆ ಉಳಿಯುವವರು ಇಲ್ಲವೆನ್ನುವಷ್ಟು ಕಡಿಮೆ. ಆಡಿಗೆ ನಾಯಿ ಕಚ್ಚಿದರೂ ಕೊಯ್ದು ಹಂಚದೆ ಪಶುವೈದ್ಯರಿಗೆ ತೋರಿಸಿ. ಮಕ್ಕಳಿಗೆ ಒಂದು ಮಾತು ಹೇಳಿಡಿ: ನಾಯಿ ಕಚ್ಚಿದರೆ, ಪರಚಿದರೆ, ಬೈಗುಳಕ್ಕೆ ಹೆದರಿ ಮುಚ್ಚಿಡಬೇಡ, ಓಡಿ ಬಂದು ಹೇಳು. ಹಾಗೆ ಹೇಳಿಕೊಂಡು ಬಂದ ಮಗುವನ್ನು ಬೈಯದಿರುವುದು ನಮ್ಮ ಕೆಲಸ.

ಕೊನೆಗೂ ಎಲ್ಲವೂ ‘ಹೇಳುವುದು’ ಎಂಬ ಒಂದು ಕೆಲಸಕ್ಕೇ ಬಂದು ನಿಲ್ಲುತ್ತದೆ. ಆಡು, ಕುರಿ, ದನಗಳಿಗೆ ಮಾತು ಬರುವುದಿಲ್ಲ. ಅವು ನಮ್ಮ ಕೈಗೆ ಒಪ್ಪಿಸಿದ ಅಮಾನತು. ಮುಂದಿನ ಸಲ ಮನೆಯಲ್ಲಿ ಯಾರಿಗಾದರೂ ವಾರ ಕಳೆದರೂ ಬಿಡದ ಜ್ವರ ಬಂದರೆ, ಡಾಕ್ಟರು ಕೇಳಲಿ ಬಿಡಲಿ, ಹಿತ್ತಲಿನ ಸುದ್ದಿಯನ್ನೂ ಒಂದು ಮಾತು ಹೇಳಿ. ಸಂತೆಗೆ ಹೊರಡುವ ಮುನ್ನ ಹಗ್ಗ ಹಿಡಿದ ಆಡನ್ನು ಒಮ್ಮೆ ನೋಡಿ, ಇದನ್ನು ನನ್ನ ತಮ್ಮನ ಮನೆಗೆ ಮಾರುತ್ತಿದ್ದೆನೇ ಎಂದು ಕೇಳಿಕೊಳ್ಳಿ. ಉತ್ತರ ಇಲ್ಲ ಎಂದಾದರೆ ಹಗ್ಗವನ್ನು ಮತ್ತೆ ಗೂಟಕ್ಕೆ ಕಟ್ಟಿ, ಫೋನ್ ಕೈಗೆತ್ತಿಕೊಳ್ಳಿ.

ಅಲ್ಲಾಹನು ನಮ್ಮ ಮನೆಗಳನ್ನೂ, ಮನೆಯ ಮೂಕ ಜೀವಿಗಳನ್ನೂ ಕಾಪಾಡಲಿ.